ಉಗುರು ಹೇಳಿದ ಸಾಕ್ಷಿ

ನಮ್ಮ ಬೀದಿಗೆ ಬರುವವರು ಯಾರನ್ನೂ ದಾರಿ ಕೇಳಬೇಕಾಗಿಲ್ಲ. ತಿರುವಿನಲ್ಲಿ ನಿಂತು ಒಮ್ಮೆ ಉಸಿರೆಳೆದುಕೊಂಡರೆ ಸಾಕು, ಷೂ ಶೆಡ್ಡಿನ ಅಂಟಿನ ವಾಸನೆ ಕೈಹಿಡಿದು ಕರೆತರುತ್ತದೆ. ಕೆಟ್ಟ ವಾಸನೆಯೇನಲ್ಲ. ಸ್ವಲ್ಪ ಸಿಹಿ, ಸ್ವಲ್ಪ ಘಾಟು. ಮೊದಲ ದಿನ ತಲೆ ಸುತ್ತುತ್ತದೆ, ಆಮೇಲೆ ಒಗ್ಗಿಹೋಗುತ್ತದೆ, ಕೊನೆಗೆ ಅಂಥದ್ದೊಂದು ವಾಸನೆ ಇದೆ ಅನ್ನುವುದೇ ಮರೆತುಹೋಗುತ್ತದೆ. ಅಜ್ಜಿಯರ ಕಥೆಯಲ್ಲಿ ರಾಕ್ಷಸ ಬರುವಾಗ ನೆಲ ನಡುಗುತ್ತದೆ, ಮರಗಳು ಬುಡಮೇಲಾಗುತ್ತವೆ, ಮಂಚದಡಿ ಅವಿತುಕೊಳ್ಳಲು ಮಕ್ಕಳಿಗೆ ಅಷ್ಟು ಹೊತ್ತಾದರೂ ಸಿಗುತ್ತದೆ. ಈ ರಾಕ್ಷಸನಿಗೆ ಆ ಮರ್ಯಾದೆಯೂ ಇಲ್ಲ. ಡಬ್ಬದ ಮುಚ್ಚಳ ತೆಗೆದರೆ ಸಾಕು, ಸದ್ದಿಲ್ಲದೆ ಬಂದು ಒಳಗೆ ಕೂತುಬಿಡುತ್ತಾನೆ.

ಶೆಡ್ಡು ಉದ್ದನೆಯದು. ಬೀದಿಯ ಕಡೆಯ ತುದಿಯಲ್ಲಿ ರಟ್ಟಿನ ನಮೂನೆ ಇಟ್ಟು ತೊಗಲು ಕತ್ತರಿಸುವವರು. ನಡುವೆ ಹೊಲಿಗೆ ಯಂತ್ರಗಳು. ಹಿಂದಿನ ತುದಿಯಲ್ಲಿ ಅಂಟುಮನೆ, ಅಟ್ಟೆಗೆ ಅಂಟು ಬಳಿದು ಷೂವಿನ ಮೇಲ್ಭಾಗವನ್ನು ಕೂರಿಸುವ ಜಾಗ. ಅಂಟುಮನೆಗೆ ಕಿಟಕಿಗಳಿದ್ದವು, ಆದರೆ ತೆರೆಯುವಂತಿರಲಿಲ್ಲ. ಗಾಳಿಯಾಡಿದರೆ ಧೂಳು ಬಂದು ಹಸಿ ಅಂಟಿನ ಮೇಲೆ ಕೂರುತ್ತದೆ, ಡಬ್ಬದಲ್ಲಿದ್ದದ್ದು ಬೇಗ ಗಟ್ಟಿಯಾಗಿ ದಂಡವಾಗುತ್ತದೆ ಎಂದು ಮಾಲೀಕರ ಅಪ್ಪನ ಕಾಲದಲ್ಲೇ ಚಿಲಕ ಹಾಕಿಸಿದ್ದರು. ಚಿಲಕ ತುಕ್ಕು ಹಿಡಿದು ಚೌಕಟ್ಟಿಗೇ ಅಂಟಿಕೊಂಡಿತ್ತು.

ಅಂಟುಮನೆಯ ಮೂಲೆಯಲ್ಲಿ ಎತ್ತರದ ಒಂದು ಮರದ ಸ್ಟೂಲು. ಅದರ ಮೇಲೆ ಕೂರುವವಳಿಗೆ ಶೆಡ್ಡಿನಲ್ಲಿ ‘ಮೂಗು’ ಎಂದು ಹೆಸರು. ಹೊಸ ಡಬ್ಬ ಒಡೆದಾಗ, ಗಟ್ಟಿಯಾದ ಅಂಟಿಗೆ ತಿನ್ನರ್ ಬೆರೆಸಿದಾಗ ಅವಳು ಡಬ್ಬದ ಮೇಲೆ ಬಾಗಿ, ಎದೆ ತುಂಬ ಉಸಿರೆಳೆದು ಹದ ಹೇಳಬೇಕು. ತೆಳುವಾಯಿತು, ಇನ್ನೂ ಬೇಕು, ಇನ್ನು ಬಳಿಯಬಹುದು. ಅವಳು ಹೇಳಿದ ಮೇಲೆಯೇ ಬ್ರಷ್ಷು ಏಳುತ್ತಿತ್ತು. ಬೇರೆಲ್ಲೂ ಇಲ್ಲದ ಈ ಪದ್ಧತಿ ನಮ್ಮ ಶೆಡ್ಡಿನ ಹೆಮ್ಮೆ. ಯಂತ್ರಕ್ಕೆ ಸಿಗದ್ದು ನಮ್ಮ ಹೆಣ್ಣುಮಗಳ ಮೂಗಿಗೆ ಸಿಗುತ್ತದೆ ಎಂದು ಮಾಲೀಕರು ಬಂದ ವ್ಯಾಪಾರಿಗಳ ಮುಂದೆಲ್ಲ ಕೊಚ್ಚಿಕೊಳ್ಳುತ್ತಿದ್ದರು. ಮೂಗಿಗೆ ಒಂದು ಮರ್ಯಾದೆಯೂ ಇತ್ತು. ಕೆಲಸ ಶುರುವಾಗುವ ಮುಂಚೆ ಮಾಲೀಕರ ಕೈಯಿಂದಲೇ ಒಂದು ಲೋಟ ಬಿಸಿ ಹಾಲು. ಎದೆಗೆ ಹತ್ತಿದ್ದನ್ನು ಹಾಲು ತೊಳೆದುಬಿಡುತ್ತದಂತೆ.

ಆ ಒಂದು ಲೋಟ ಹಾಲನ್ನು ನಂಬಿ ಒಂದು ಮನೆ ಹಾಳಾಗುವುದರಲ್ಲಿತ್ತು. ಆ ಮನೆಯ ಕಥೆ ಇದು.

ಆ ಮನೆಯಲ್ಲಿ ಮೊದಲು ಮೂಗಾಗಿದ್ದವಳು ತಾಯಿ. ಗಂಡ ಬೇಗ ಹೋಗಿಬಿಟ್ಟ, ಎರಡು ಹೆಣ್ಣುಮಕ್ಕಳು, ಸ್ಟೂಲಿನ ಕೆಲಸವೇ ಗತಿ. ಕೆಲವು ವರ್ಷ ಕಳೆಯುವಷ್ಟರಲ್ಲಿ ಅವಳ ಮುಖ ಸುಣ್ಣ ಬಳಿದ ಗೋಡೆಯ ಹಾಗೆ ಬಿಳಿಚಿಕೊಂಡಿತು. ಎಲ್ಲೂ ತಾಗಿಸಿಕೊಳ್ಳದೆ ತೋಳಿನ ಮೇಲೆ ನೀಲಿ ಕಲೆ, ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ, ಬಿಟ್ಟು ಬಿಟ್ಟು ಜ್ವರ. ರಕ್ತ ಕೆಟ್ಟಿದೆ ಎಂದರು. ಯಾಕೆ ಕೆಟ್ಟಿತು ಎಂದು ಯಾರೂ ಕೇಳಲಿಲ್ಲ. ಸತ್ತಳು.

ಮಕ್ಕಳನ್ನು ಸಾಕಿದ್ದು ಅವಳ ಒಡಹುಟ್ಟಿದ ಅಕ್ಕ. ಮಕ್ಕಳಿಗಷ್ಟೇ ಅಲ್ಲ, ಇಡೀ ಬೀದಿಗೆ ಅವರು ದೊಡ್ಡಮ್ಮ. ಅದೇ ಶೆಡ್ಡಿನಲ್ಲಿ, ಬೀದಿಗೆ ಬಾಗಿಲು ತೆರೆದಿರುವ ತುದಿಯಲ್ಲಿ, ಜೀವಮಾನವಿಡೀ ತೊಗಲು ಕತ್ತರಿಸಿದವರು. ಈ ವಯಸ್ಸಿನಲ್ಲೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಾರೆ, ಆ ದಾರವನ್ನು ಸ್ವಂತ ಹಲ್ಲಿನಲ್ಲೇ ಕಡಿಯುತ್ತಾರೆ. ಬೀದಿ ಜಗಳಕ್ಕೆ ಕರೆದರೆ ಚಪ್ಪಲಿ ಮೆಟ್ಟಿಕೊಳ್ಳುವಷ್ಟೂ ಕಾಯುವುದಿಲ್ಲ.

ದೊಡ್ಡ ಮಗಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಬೆಳೆದ ಮೇಲೆ ಅಮ್ಮನ ಸ್ಟೂಲು ಅವಳಿಗೆ ಬಂತು. ಮೂಗು ನಮ್ಮ ಮನೆತನದ ಸೊತ್ತು ಎಂದು ದೊಡ್ಡಮ್ಮ ತಾವೇ ಕರೆದುಕೊಂಡು ಹೋಗಿ ಕೂರಿಸಿ ಬಂದರು. ತಿಂಗಳುಗಟ್ಟಲೆ ದೂರದೂರಿಗೆ ಲಾರಿ ಓಡಿಸುವವನ ಜೊತೆ ಅವಳ ಮದುವೆಯಾಯಿತು, ಒಂದು ಹೆಣ್ಣುಮಗುವಾಯಿತು. ಕುಪ್ಪಳಿಸಿಕೊಂಡೇ ಓಡಾಡುವ ಆ ಮಗುವಿಗೆ ಗುಬ್ಬಿ ಎಂದೇ ಹೆಸರು. ಗುಬ್ಬಿ ಶಾಲೆಗೆ ಹೋಗುವ ಹೊತ್ತಿಗೆ ಅಕ್ಕನಿಗೆ ಮೆಟ್ಟಿಲು ಹತ್ತಿದರೆ ಏದುಸಿರು. ತೋಳಿನ ಮೇಲೆ ಅದೇ ನೀಲಿ ಕಲೆ. ವಸಡಿನಲ್ಲಿ ಅದೇ ರಕ್ತ.

ಆಗ ಎದ್ದಿತು ನೋಡಿ ಬೀದಿಯ ನಾಲಿಗೆ. ತಾಯಿಗೆ ಬಂದದ್ದು ಮಗಳಿಗೂ ಬಂತು, ವಂಶದಲ್ಲೇ ಹುಳುಕಿದೆ, ಆ ಮನೆಯ ಹೆಣ್ಣು ತಂದುಕೊಂಡರೆ ರೋಗವನ್ನೂ ತಂದುಕೊಂಡ ಹಾಗೆ. ಅಕ್ಕನ ಗಂಡನ ಕಡೆಯವರು ಯೋಗಕ್ಷೇಮ ಕೇಳುವ ನೆಪದಲ್ಲಿ ಬಂದು, ಅಕ್ಕನ ಮುಖ ನೋಡದೆ ಗುಬ್ಬಿಯ ಕಣ್ಣುರೆಪ್ಪೆ ಎಳೆದು, ತುಟಿ ಬಿಡಿಸಿ, ದನ ಕೊಳ್ಳಲು ಬಂದವರ ಹಾಗೆ ನೋಡಿಕೊಂಡು ಹೋದರು. ಅಂದಿನಿಂದ ಅಕ್ಕ ಮಗುವನ್ನು ಮಡಿಲಿಗೆ ಹತ್ತಿಸಿಕೊಳ್ಳುವುದು ಬಿಟ್ಟಳು. ಮಗುವಿನ ತಲೆ ಬಾಚುವುದನ್ನು ತಂಗಿಗೆ ಒಪ್ಪಿಸಿದಳು. ತನ್ನ ಲೋಟ, ತನ್ನ ತಟ್ಟೆ ಬೇರೆ ಇಟ್ಟಳು. ದೊಡ್ಡಾಸ್ಪತ್ರೆಗೆ ಹೋಗೋಣ ಎಂದರೆ ಗೋಡೆಯ ಕಡೆ ತಿರುಗಿ ಮಲಗುವಳು. ಅಮ್ಮನಿಂದ ನನಗೆ ಬಂತು, ನನ್ನಿಂದ ಅವಳಿಗೆ ಹೋಗಿದೆ, ಇನ್ನು ನನ್ನನ್ನು ಉಳಿಸಿಕೊಂಡು ಏನು ಮಾಡುತ್ತೀರಿ ಎನ್ನುವಳು. ಒಂದು ಕಡೆಯಿಂದ ಕಾಯಿಲೆ ತಿನ್ನುತ್ತಿತ್ತು, ಇನ್ನೊಂದು ಕಡೆಯಿಂದ ಮಾಡದ ತಪ್ಪು ತಿನ್ನುತ್ತಿತ್ತು.

ಮಾಲೀಕರೂ ಒಂದು ದಿನ ಹಣ್ಣಿನ ಚೀಲ ಹಿಡಿದು ಬಂದರು. ಹುಟ್ಟಿನಿಂದ ಬಂದದ್ದಕ್ಕೆ ಯಾರು ತಾನೆ ಏನು ಮಾಡುವುದಕ್ಕಾಗುತ್ತದೆ ಎಂದು ನಿಟ್ಟುಸಿರು ಬಿಟ್ಟರು. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, ಅಕ್ಕನ ತಂಗಿ ಪುಟ್ಟಿಯನ್ನು ಒಮ್ಮೆ ನೋಡಿದರು.

“ಬರೋ ತಿಂಗಳಿಂದ ಪುಟ್ಟಿ ಬಂದು ಸ್ಟೂಲಿನ ಮೇಲೆ ಕೂತ್ಕೊಳ್ಲಿ, ದೊಡ್ಡಮ್ಮ. ಅವಳದ್ದೂ ಅದೇ ಮೂಗಲ್ವಾ.”

ಈ ನ್ಯಾಯ ನೋಡಿ. ರೋಗ ಬಂದಾಗ ವಂಶದ ತಪ್ಪು, ಮೂಗು ಬೇಕಾದಾಗ ವಂಶದ ಗುಣ. ಎರಡೂ ಒಂದೇ ಬಾಯಿಂದ, ಒಂದೇ ಹೊಸ್ತಿಲಿನಲ್ಲಿ. ಕೊಟ್ಟ ಹಣ್ಣಿನ ಚೀಲದ ಗಂಟನ್ನು ಇನ್ನೂ ಯಾರೂ ಬಿಚ್ಚಿರಲಿಲ್ಲ. ಇನ್ನೂ ಬೇಸರದ ಸಂಗತಿಯೆಂದರೆ ದೊಡ್ಡಮ್ಮ ತಲೆಯಾಡಿಸಿದರು. ಪುಟ್ಟಿಯೂ ಬಾಯಿ ಬಿಡಲಿಲ್ಲ. ಮನೆ ನಡೆಯಬೇಕಲ್ಲ.

ಬಾಯಿ ಬಿಟ್ಟವರು ಸಿಸ್ಟರ್. ಬೀದಿಯ ಕೊನೆಯ ಕ್ಲಿನಿಕ್ಕಿನ ನರ್ಸ್ ಅವರು, ಸೂಜಿ ಚುಚ್ಚುವುದಕ್ಕಿಂತ ಮಾತು ಚುಚ್ಚುವುದರಲ್ಲಿ ಕೈ ಪಳಗಿದವರು. ಶೆಡ್ಡಿನೊಳಗೆ ರಕ್ತ ಪರೀಕ್ಷೆ ಮಾಡುತ್ತೇನೆ ಎಂದು ಅವರು ಹಿಂದೆಯೇ ಕೇಳಿದ್ದರು, ಕೆಲಸ ಕೆಡುತ್ತದೆ ಎಂದು ಮಾಲೀಕರು ಬಿಟ್ಟಿರಲಿಲ್ಲ. ಸರಿ, ಊಟದ ಬಿಡುವಿನಲ್ಲಿ ಗೇಟಿನ ಹೊರಗೆ ಬೆಂಚು ಹಾಕಿಕೊಂಡು ಕೂತು, ಬಂದವರ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದ್ದರು. ಅಕ್ಕನ ಮನೆಗೆ ಬಂದವರು ಉಪದೇಶ ಮಾಡಲಿಲ್ಲ. ನಿನಗೋಸ್ಕರ ಬೇಡ, ನಿನ್ನ ಮಗಳಿಗೆ ಹೋಗಿದೆಯೋ ಇಲ್ಲವೋ ಎಂದು ತಿಳಿಯುವುದಕ್ಕಾದರೂ ಆಸ್ಪತ್ರೆಗೆ ಬಾ ಎಂದರು. ಗೋಡೆ ನೋಡುತ್ತಿದ್ದ ಅಕ್ಕ ಆ ಮಾತಿಗೆ ಈ ಕಡೆ ತಿರುಗಿದಳು.

ದೊಡ್ಡಾಸ್ಪತ್ರೆಯಲ್ಲಿ ರಕ್ತ ತೆಗೆದರು, ಮೂಳೆಯೊಳಗಿನ ಮಜ್ಜೆಯನ್ನೂ ಸ್ವಲ್ಪ ತೆಗೆದರು. ಆಮೇಲೆ ಅಲ್ಲಿನ ಡಾಕ್ಟರು ಅಕ್ಕನ ಉಗುರು ಬೇಕು ಎಂದು ಹೇಳಿ ಕಳಿಸಿದರು. ಉಗುರು ಕತ್ತರಿಸಿಕೊಂಡು ಹೋಗಲು ಸಿಸ್ಟರ್ ಮನೆಗೆ ಬಂದಾಗ ದೊಡ್ಡಮ್ಮ ಬಾಗಿಲಿಗೆ ಅಡ್ಡ ನಿಂತರು. ಉಗುರು, ಕೂದಲು ಕೇಳುವವರು ಯಾರು ಎಂದು ಅವರಿಗೆ ಗೊತ್ತಿಲ್ಲವೇ. ಕಥೆಗಳಲ್ಲಿ ಎಲ್ಲ ಮಾಟಗಾತಿಯರೂ ಮೊದಲು ಕೇಳುವುದು ಅದನ್ನೇ.

“ಮಾಟ ಮಾಡೋದೇ ಆಗಿದ್ರೆ ನಿಮ್ಮ ಮಾಲೀಕರ ಉಗುರು ಕೇಳ್ತಿದ್ದೆ, ದೊಡ್ಡಮ್ಮ,” ಎಂದರು ಸಿಸ್ಟರ್. “ಸ್ವಲ್ಪ ಈ ಕಡೆ ಸರೀರಿ.”

ಮಲಗಿದ್ದಲ್ಲೇ ಅಕ್ಕ ನಕ್ಕಳು. ಆ ಮನೆಯಲ್ಲಿ ಬಹಳ ದಿನದಿಂದ ಕೇಳದೇ ಇದ್ದ ಸದ್ದು ಅದು. ಆ ನಗುವಿಗಾಗಿ ದೊಡ್ಡಮ್ಮ ದಾರಿ ಬಿಟ್ಟರು.

ಫಲಿತಾಂಶ ಬರಲು ವಾರಗಳೇ ಹಿಡಿದವು. ತಿಂಗಳು ಮುಗಿಯುತ್ತ ಬಂತು. ಬೆಳಗಾದರೆ ಪುಟ್ಟಿ ಸ್ಟೂಲಿನ ಮೇಲೆ ಕೂರಬೇಕು ಎನ್ನುವ ದಿನ ಸಂಜೆ, ಬಿಸಿಲು ಇನ್ನೂ ಗೋಡೆಯ ಮೇಲಿರುವಾಗ ಸಿಸ್ಟರ್ ಬಂದರು. ಅಕ್ಕನ ಹಾಸಿಗೆಯ ಪಕ್ಕ ಕೂತು, ದೊಡ್ಡಮ್ಮನನ್ನೂ ಪುಟ್ಟಿಯನ್ನೂ ಕರೆದು ಎದುರಿಗೆ ಕೂರಿಸಿಕೊಂಡರು. ನೇರವಾಗಿ ವಿಷಯಕ್ಕೆ ಬರಲಿಲ್ಲ. ತೊಗಲು ಕತ್ತರಿಸುವ ನಮೂನೆಯ ಬಗ್ಗೆ ಒಂದೆರಡು ಮಾತು ಹೇಳಿ ಎಂದು ದೊಡ್ಡಮ್ಮನನ್ನೇ ಕೇಳಿದರು.

ಅದನ್ನು ಕೇಳಿದರೆ ದೊಡ್ಡಮ್ಮ ಬಿಟ್ಟಾರೆಯೇ. ಪ್ರತಿ ಷೂವಿಗೂ ಒಂದು ತಾಯಿ ನಮೂನೆ ಇರುತ್ತದೆ, ಅದನ್ನು ಬೀರುವಿನಲ್ಲಿ ಭದ್ರವಾಗಿ ಇಟ್ಟಿರುತ್ತಾರೆ. ಅದರಿಂದ ತೆಗೆದ ನಕಲುಗಳನ್ನು ಒಂದೊಂದು ಮೇಜಿಗೆ ಕೊಡುತ್ತಾರೆ. ಮೇಜಿನ ನಕಲು ಸವೆದರೆ ಅದರಿಂದ ಇನ್ನೊಂದು ನಕಲು. ಚಾಕು ತಪ್ಪಿ ಯಾವುದೋ ಒಂದು ನಕಲಿನ ಅಂಚಿಗೆ ಕಚ್ಚು ಬಿತ್ತು ಅನ್ನಿ, ಆಮೇಲೆ ಅದರಿಂದ ಕತ್ತರಿಸಿದ ಒಂದೊಂದು ತುಂಡಿನಲ್ಲೂ ಅದೇ ಜಾಗದಲ್ಲಿ ಕಚ್ಚು.

“ಹಾಗೆ ಕಚ್ಚು ಬಿದ್ರೆ ನೀವು ತಾಯಿ ನಮೂನೆ ಸರಿಯಿಲ್ಲ ಅಂತೀರಾ?” ಸಿಸ್ಟರ್ ಕೇಳಿದರು.

“ಅದ್ಯಾಕೆ ಅಂತಾರೆ? ಅದು ಬೀರುವಿನಲ್ಲಿ ತಣ್ಣಗಿರುತ್ತೆ. ಆ ಮೇಜಿನ ಮೇಲೆ ಏನಾಯ್ತು ಅಂತ ನೋಡ್ಬೇಕು.”

“ಮತ್ತೆ ಇವಳ ರಕ್ತದಲ್ಲಿ ಕಚ್ಚು ಬಿದ್ರೆ ಇವಳ ತಾಯಿನ ಯಾಕೆ ಅಂದ್ರಿ?”

ಸಿಸ್ಟರ್ ಬಿಡಿಸಿ ಹೇಳಿದರು. ನಮ್ಮ ಮೈಯೆಂದರೆ ಕಣ್ಣಿಗೆ ಕಾಣದ ಕೋಟ್ಯಂತರ ಜೀವಕೋಶಗಳು. ಒಂದೊಂದು ಕೋಶದೊಳಗೂ ಇಡೀ ಮೈಯ ನಮೂನೆಯೊಂದಿದೆ, ಅದಕ್ಕೆ ಡಿಎನ್‌ಎ ಎನ್ನುತ್ತಾರೆ. ಅಪ್ಪನಿಂದ ಅರ್ಧ, ಅಮ್ಮನಿಂದ ಅರ್ಧ ಬಂದ ನಮೂನೆ ಅದು. ಹಳೆಯ ಕೋಶ ಹೋಗಿ ಹೊಸದು ಹುಟ್ಟುವಾಗಲೆಲ್ಲ ಆ ನಮೂನೆಯ ನಕಲು ಆಗಬೇಕು. ನಕಲಿನಲ್ಲಿ ಬೀಳುವ ಕಚ್ಚಿಗೆ ಪುಸ್ತಕದಲ್ಲಿ ಉತ್ಪರಿವರ್ತನೆ ಅನ್ನುತ್ತಾರೆ, ಡಾಕ್ಟರುಗಳು ಮ್ಯುಟೇಷನ್ ಅನ್ನುತ್ತಾರೆ. ನಾವು ಕಚ್ಚು ಅಂತಲೇ ಅನ್ನೋಣ ಎಂದರು.

ಕಚ್ಚು ಬೀಳುವುದು ಲೋಕದಲ್ಲಿಲ್ಲದ ಸಂಗತಿಯಲ್ಲ, ಎಲ್ಲರ ಮೈಯಲ್ಲೂ ದಿನವೂ ಬೀಳುತ್ತದೆ. ಕೆಲವು ಸಲ ನಕಲು ಮಾಡುವಾಗ ತಾನೇ ತಪ್ಪುತ್ತದೆ. ಇನ್ನು ಕೆಲವು ಸಲ ಹೊರಗಿನಿಂದ ಪೆಟ್ಟು ಬೀಳುತ್ತದೆ. ತಲೆ ಸುಡುವ ಬಿಸಿಲಿನ ಕಿರಣ, ಬೇಡದೆಯೂ ಮತ್ತೆ ಮತ್ತೆ ತೆಗೆಸುವ ಎಕ್ಸ್-ರೇ, ಬೀಡಿ ಸಿಗರೇಟಿನ ಹೊಗೆ, ಕೆಲವು ರಾಸಾಯನಿಕ. ಮೈಯೊಳಗೇ ರಿಪೇರಿ ಮಾಡುವವರೂ ಇದ್ದಾರೆ, ಹೆಚ್ಚಿನವನ್ನು ಅವರು ಸರಿಮಾಡಿಬಿಡುತ್ತಾರೆ. ಉಳಿದದ್ದರಲ್ಲೂ ಬಹಳಷ್ಟು ಏನೂ ಕೆಡುಕು ಮಾಡುವುದಿಲ್ಲ. ದೊಡ್ಡಮ್ಮನಿಗೂ ಅಕ್ಕನಿಗೂ ಗುಬ್ಬಿಗೂ ಬೆಕ್ಕಿನ ಕಣ್ಣು ಬಂದಿದೆಯಲ್ಲ, ಅದೂ ಯಾವುದೋ ಕಾಲದ ಮುತ್ತಜ್ಜಿಯ ಮುತ್ತಜ್ಜಿಯ ತಾಯಿ ನಮೂನೆಯಲ್ಲೇ ಬಿದ್ದ ಕಚ್ಚು. ಅದರಿಂದ ಯಾರಿಗೆ ಏನು ನಷ್ಟವಾಯಿತು. ಮನೆತನದ್ದು ಎಂದರೆ ಅಂಥದ್ದು. ಅದು ಮೈಯ ಎಲ್ಲ ಕೋಶಗಳ ನಮೂನೆಯಲ್ಲೂ ಇರುತ್ತದೆ. ಕಣ್ಣಿನಲ್ಲಿ, ರಕ್ತದಲ್ಲಿ, ಉಗುರಿನಲ್ಲಿ.

ಉಗುರು ಎನ್ನುತ್ತಲೇ ಅಕ್ಕ ಮೊಣಕೈ ಊರಿ ಎದ್ದು ಕೂತಳು.

“ನಿನ್ನ ರಕ್ತದಲ್ಲಿ ಕಚ್ಚು ಸಿಕ್ಕಿದೆ,” ಎಂದರು ಸಿಸ್ಟರ್. “ನಿನ್ನ ಉಗುರಿನಲ್ಲಿ ಅದು ಇಲ್ಲ. ಹುಟ್ಟಿನಿಂದ ಬಂದಿದ್ರೆ ಎರಡರಲ್ಲೂ ಇರ್ಬೇಕಿತ್ತು. ನೀನು ಹುಟ್ಟಿದಾಗ ಅದು ನಿನ್ನಲ್ಲಿ ಇರಲಿಲ್ಲ ಕಣಮ್ಮ. ನಿನ್ನಮ್ಮ ನಿನಗೆ ಕೊಟ್ಟಿದ್ದಲ್ಲ, ನೀನು ಗುಬ್ಬಿಗೆ ಕೊಟ್ಟೂ ಇಲ್ಲ.”

ಅಕ್ಕ ತನ್ನ ಹತ್ತು ಬೆರಳುಗಳನ್ನೂ ಮುಂದೆ ಚಾಚಿ ಉಗುರುಗಳನ್ನು ನೋಡಿಕೊಂಡಳು. ಬಿಳಿಚಿದ್ದವು, ತುದಿಯಲ್ಲಿ ಹಳೆಯ ಅಂಟಿನ ಕರೆ ಇತ್ತು. ಯಾರ ಮಾತೂ ನಡೆಯದ ಕಡೆ ಅವು ಅವಳ ಪರವಾಗಿ ಸಾಕ್ಷಿ ಹೇಳಿದ್ದವು. ಅವಳು ಬಿಕ್ಕಿ ಬಿಕ್ಕಿ ಅತ್ತಳು. ಯಾರೂ ಸಮಾಧಾನ ಮಾಡಲು ಹೋಗಲಿಲ್ಲ, ಅಳಲಿ ಎಂದು ಬಿಟ್ಟರು.

ಹಾಗಾದರೆ ಎಲ್ಲಿಂದ ಬಂತು ಎಂದು ಪುಟ್ಟಿ ಕೇಳಿದಳು. ಆ ಅಂಟಿನಲ್ಲಿ, ತಿನ್ನರ್‌ನಲ್ಲಿ ಬೆಂಜೀನ್ ಎನ್ನುವ ರಾಸಾಯನಿಕವಿದೆ, ಡಬ್ಬದ ಮೇಲೆ ಅತಿ ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ, ನಾನೇ ಓದಿ ಬಂದಿದ್ದೇನೆ ಎಂದರು ಸಿಸ್ಟರ್. ಅದು ಮೂಗಿನಿಂದ ರಕ್ತಕ್ಕೆ, ರಕ್ತದಿಂದ ಮೂಳೆಯೊಳಗಿನ ಮಜ್ಜೆಗೆ ಹೋಗುತ್ತದೆ. ರಕ್ತ ಹುಟ್ಟುವ ಮನೆಯೇ ಅದು. ಅಲ್ಲಿ ನಮೂನೆಯ ಮೇಲೆ ಕಚ್ಚಿನ ಮೇಲೆ ಕಚ್ಚು ಬಿದ್ದರೆ ರಿಪೇರಿಯವರ ಕೈ ಸಾಲದು. ಆಗ ಕೆಲವು ಕೋಶಗಳಿಗೆ ರಕ್ತ ಮಾಡುವುದು ಮರೆತುಹೋಗುತ್ತದೆ, ಕೆಲವಕ್ಕೆ ಬೆಳೆಯುವುದನ್ನು ನಿಲ್ಲಿಸುವುದು ಮರೆತುಹೋಗುತ್ತದೆ. ಅದೇ ರಕ್ತದ ಕ್ಯಾನ್ಸರ್‌ವರೆಗೂ ಹೋಗುತ್ತದೆ.

ದೊಡ್ಡಮ್ಮ ಅಷ್ಟು ಸುಲಭಕ್ಕೆ ಬಗ್ಗುವವರಲ್ಲ. ಹಾಲು ಕುಡಿಯುತ್ತಿದ್ದಳಲ್ಲ ಎಂದರು. ಹಾಲು ಹೋಗುವುದು ಹೊಟ್ಟೆಗೆ, ಆವಿ ಹೋಗುವುದು ಎದೆಗೆ, ಇಬ್ಬರೂ ದಾರಿಯಲ್ಲಿ ಭೇಟಿಯಾಗುವುದೇ ಇಲ್ಲ ಎಂದರು ಸಿಸ್ಟರ್. ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದಳಲ್ಲ ಎಂದರು ದೊಡ್ಡಮ್ಮ. ಬಟ್ಟೆ ಧೂಳು ತಡೆಯುತ್ತದೆ, ಆವಿ ಅದರ ಸಂದಿಯಲ್ಲಿ ಆರಾಮಾಗಿ ನುಸುಳಿಕೊಂಡು ಬರುತ್ತದೆ. ಅಂಟುಮನೆಯಲ್ಲಿ ಇಷ್ಟು ಜನ ಇದ್ದಾರಲ್ಲ, ಅವರಿಗೆ ಯಾಕಿಲ್ಲ. ಅವರಿಗೂ ಇಲ್ಲವೆಂದು ಯಾರು ಹೇಳಿದರು ಎಂದು ಸಿಸ್ಟರ್ ತಿರುಗಿ ಕೇಳಿದರು. ತಾಯಿ ಸತ್ತ ಮೇಲೆ ಅಕ್ಕ ಬರುವವರೆಗೆ, ಮತ್ತೆ ಅಕ್ಕನ ಹೆರಿಗೆಯ ಕಾಲದಲ್ಲಿ ಸ್ಟೂಲಿನ ಮೇಲೆ ಕೂತವಳು ಶೆಡ್ಡು ಗುಡಿಸುವ ಹೆಂಗಸು, ಆಮೇಲೂ ಅಕ್ಕ ರಜೆ ಹಾಕಿದಾಗಲೆಲ್ಲ ಅವಳೇ. ಗೇಟಿನ ಹೊರಗೆ ತೆಗೆದ ಪರೀಕ್ಷೆಯಲ್ಲಿ ಅವಳ ರಕ್ತದ ಕಣಗಳೂ ಕಡಿಮೆ ಇದ್ದವು. ಅವಳು ನಿಮಗೆ ಯಾವ ಕಡೆಯಿಂದ ನೆಂಟಳು. ನೀವು ಆ ಮನೆಯ ಹಿರಿಮಗಳು, ಅದೇ ಅಪ್ಪ ಅಮ್ಮನಿಗೆ ಹುಟ್ಟಿದವರು. ನಿಮಗೆ ಯಾಕೆ ಬರಲಿಲ್ಲ.

ದೊಡ್ಡಮ್ಮ ಅಕ್ಕನ ಕೈಯನ್ನು ತಮ್ಮ ಕೈಗೆ ತೆಗೆದುಕೊಂಡರು.

“ಮತ್ತೆ ನನ್ನ ತಂಗಿ?” ಎಂದರು. “ಅವಳು ಸತ್ತಾಗ ಜನ ದೂರ ನಿಂತಿದ್ರು. ನಾವು ಎತ್ತಲ್ಲ, ರಕ್ತ ಕೆಟ್ಟ ಹೆಣ ಅಂದ್ರು. ಅವಳದ್ದೂ ಇದೇನಾ?”

“ಅವರ ಉಗುರು ಈಗ ನಂಗೆ ಸಿಗಲ್ಲ, ದೊಡ್ಡಮ್ಮ. ಅವರು ಕೂತ ಸ್ಟೂಲು ಸಿಗುತ್ತೆ.”

ಇಷ್ಟು ಹೇಳಿ ಸಿಸ್ಟರ್ ಇನ್ನೊಂದು ಮಾತು ಸೇರಿಸಿದರು, ಅದನ್ನು ಹೇಳುವಾಗ ಅವರ ದನಿ ಏರಿತು. ನಿಜವಾಗಿಯೂ ಮನೆತನದಲ್ಲಿ ಇಳಿದು ಬರುವ ಕಾಯಿಲೆಗಳೂ ಇವೆ. ಬೀರುವಿನಲ್ಲಿರುವ ತಾಯಿ ನಮೂನೆಗೇ ಕಚ್ಚು ಬಿದ್ದು ಮಕ್ಕಳಿಗೆ ಬರುವುದುಂಟು. ಆದರೆ ಅದು ತಾನೆ ಯಾರ ತಪ್ಪು? ಅಂಗಡಿಗೆ ಹೋಗಿ ಯಾರಾದರೂ ಕಚ್ಚನ್ನು ಆರಿಸಿಕೊಂಡು ಬರುತ್ತಾರೆಯೇ? ಅಂಥ ಮನೆಯವರಿಗೆ ಬೇಕಾದದ್ದು ಪರೀಕ್ಷೆ, ಸಲಹೆ, ಚಿಕಿತ್ಸೆ. ಬೀದಿಯ ನಾಲಿಗೆ ಅಲ್ಲ.

ಆಗಲೇ ಹಿತ್ತಲಿನಿಂದ ಗುಬ್ಬಿಯ ದನಿ ಕೇಳಿಸಿದ್ದು. ಮಾಲೀಕರು ಖಾಲಿ ಡಬ್ಬಗಳನ್ನು ಕೆಲಸದವರಿಗೆ ಉಪಕಾರವೆಂಬಂತೆ ಕೊಡುತ್ತಿದ್ದರು. ಆ ಮನೆಯಲ್ಲಿ ಗಿಡ ನೆಟ್ಟದ್ದು ಅದರಲ್ಲಿ, ಸೌದೆ ಪುಡಿ ತುಂಬಿದ್ದು ಅದರಲ್ಲಿ. ಅಂಥದ್ದೊಂದು ಡಬ್ಬವನ್ನು ಕಲ್ಲಿನ ಮೇಲಿಟ್ಟು, ತಾನು ಇನ್ನೊಂದು ಡಬ್ಬದ ಮೇಲೆ ಕಾಲು ಇಳಿಬಿಟ್ಟು ಕೂತು, ಗುಬ್ಬಿ ಆಟವಾಡುತ್ತಿದ್ದಳು. ಒಣಗಿದ ಅಂಟು ಇನ್ನೂ ಅಂಚಿಗೆ ಮೆತ್ತಿದ್ದ ಮುಚ್ಚಳವನ್ನು ಮುಖಕ್ಕೆ ಒತ್ತಿಕೊಂಡು, ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದಳು. ಥೇಟ್ ಅವಳಮ್ಮನ ಹಾಗೆ. ಥೇಟ್ ಅವಳಜ್ಜಿಯ ಹಾಗೆ.

“ಹದವಾಗಿದೆ,” ಎಂದು ಎದುರಿಗೆ ಕೂರಿಸಿದ್ದ ಗೊಂಬೆಗೆ ಹೇಳಿದಳು. “ಬಳೀರಿ.”

ಕಿಟಕಿಯಿಂದ ನೋಡುತ್ತಿದ್ದ ದೊಡ್ಡಮ್ಮ ಎದ್ದು ಹೋದದ್ದು ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗುವಷ್ಟರಲ್ಲಿ ಮುಚ್ಚಳ ಅವರ ಕೈಯಲ್ಲಿತ್ತು, ಗುಬ್ಬಿ ಅವರ ಸೊಂಟದ ಮೇಲಿದ್ದಳು. ತಂಗಿಯ ಮನೆಯಲ್ಲಿ ತಲೆಯಿಂದ ತಲೆಗೆ ಇಳಿದು ಬಂದದ್ದು ಏನು ಎಂದು ಅವರು ಆಗ ಕಣ್ಣಾರೆ ಕಂಡರು. ಇಳಿದು ಬಂದದ್ದು ರಕ್ತವಲ್ಲ, ಡಬ್ಬ. ಅದನ್ನು ಕೈಯಿಂದ ಕೈಗೆ ದಾಟಿಸಿದವರು ಯಾರು, ಹೆಮ್ಮೆ ಪಟ್ಟವರು ಯಾರು, ಹಾಲು ಕೊಟ್ಟವರು ಯಾರು ಎನ್ನುವುದನ್ನೂ ಕಂಡರು.

ಮಾರನೆಯ ಬೆಳಿಗ್ಗೆ ಪುಟ್ಟಿಯ ಜೊತೆ ದೊಡ್ಡಮ್ಮನೂ ಶೆಡ್ಡಿಗೆ ಹೊರಟರು. ಸಿಸ್ಟರ್ ಗೇಟಿನಲ್ಲಿ ಸೇರಿಕೊಂಡರು. ಅಂಟುಮನೆಯಲ್ಲಿ ಎಲ್ಲರೂ ಬ್ರಷ್ಷು ಹಿಡಿದು ಕಾಯುತ್ತಿದ್ದರು. ಹೊಸ ಮೂಗು ಬರುತ್ತಿದ್ದಾಳಲ್ಲ, ಸ್ಟೂಲನ್ನು ಒರೆಸಿ ಇಟ್ಟಿದ್ದರು. ಮಾಲೀಕರು ನಗುತ್ತ ಹಾಲಿನ ಲೋಟವನ್ನು ಪುಟ್ಟಿಯ ಕೈಗೆ ಕೊಟ್ಟರು. ದೊಡ್ಡಮ್ಮ ಅದನ್ನು ಪುಟ್ಟಿಯ ಕೈಯಿಂದ ತೆಗೆದುಕೊಂಡು ತಿರುಗಿ ಮಾಲೀಕರ ಕೈಗೇ ಇಟ್ಟರು.

“ನೀವು ಕುಡೀರಿ ಸ್ವಾಮಿ. ಕುಡಿದು ಇವತ್ತು ನೀವೇ ಮೂಸಿ. ಎದೆ ತೊಳೆದು ಹೋಗುತ್ತಲ್ಲ.”

ಮಾಲೀಕರು ಮೊದಲು ನಕ್ಕರು. ಆಮೇಲೆ ಅಪ್ಪನ ಕಾಲದ ಪದ್ಧತಿ ಎಂದರು. ಆಮೇಲೆ ಈ ಕಾಯಿಲೆ ಅಂಟಿನಿಂದಲೇ ಬಂತು ಎನ್ನಲು ಏನು ಸಾಬೀತಿದೆ ಎಂದು ದನಿ ಎತ್ತರಿಸಿದರು. ಯಾವ ದಿನದ ಯಾವ ಉಸಿರು ಎಂದು ಬೆರಳಿಟ್ಟು ತೋರಿಸಲು ಯಾವ ಡಾಕ್ಟರಿಗೂ ಸಾಧ್ಯವಿಲ್ಲ ಎಂದು ಸಿಸ್ಟರ್ ಒಪ್ಪಿಕೊಂಡರು. ಆದರೆ ಬೆಂಜೀನ್ ಮಜ್ಜೆಯನ್ನು ಕೆಡಿಸುತ್ತದೆ ಎನ್ನುವುದು ನಿನ್ನೆ ಮೊನ್ನೆ ಗೊತ್ತಾದದ್ದಲ್ಲ, ಜಗತ್ತಿಗೇ ಬಹಳ ಹಿಂದೆಯೇ ಗೊತ್ತಿದೆ. ಹುಟ್ಟಿನಿಂದ ಬಂದದ್ದಲ್ಲ ಎನ್ನುವುದಕ್ಕೆ ಉಗುರಿನ ಸಾಕ್ಷಿ ಇದೆ. ಆ ಸ್ಟೂಲಿನ ಮೇಲೆ ಕೂತ ಮೂವರಿಗೂ ರಕ್ತವೇ ಕೆಟ್ಟಿದೆ. ಇನ್ನೂ ಸಾಬೀತು ಬೇಕೆಂದರೆ ಪುಟ್ಟಿಯನ್ನು ಕೂರಿಸಿ ಕಾಯೋಣವೇ ಎಂದು ಕೇಳಿದರು.

ಆಗ ಸಿಸ್ಟರ್ ಮಾಡಿ ತೋರಿಸಿದ ಒಂದು ಸಣ್ಣ ಕೆಲಸವಿದೆ. ಅದನ್ನು ನೆನೆದರೆ ನಮಗೆ ಇವತ್ತಿಗೂ ಮೈ ಉರಿಯುತ್ತದೆ. ಅಂಟಿನ ಕಂಪನಿಯವರೇ ಡಬ್ಬದ ಹಿಂಬದಿ ಚಿತ್ರ ಹಾಕಿ ಹೇಳಿದ್ದ ವಿಧಾನ. ಕಸದ ಬುಟ್ಟಿಯಿಂದ ತೊಗಲಿನ ಎರಡು ಚೂರು ಆರಿಸಿ, ಎರಡಕ್ಕೂ ಅಂಟು ಬಳಿದು, ಒಂದಿಷ್ಟು ಹೊತ್ತು ಆರಲು ಬಿಟ್ಟು, ಜೋಡಿಸಿ ಒತ್ತಿ, ಎಳೆದು ನೋಡಿದರು. ಕಚ್ಚಿಕೊಂಡಿತ್ತು. ಹದವಾಗಿತ್ತು. ಅಷ್ಟೇ. ಅಷ್ಟೇ ಸಾಕಿತ್ತು. ಒಂದಿಷ್ಟು ಹೊತ್ತು ಕಾಯುವ ತಾಳ್ಮೆ ಇಲ್ಲವೆಂದು, ಅಂಗೈಯಗಲದ ತೊಗಲು ದಂಡವೆಂದು ಇಷ್ಟು ವರ್ಷ ಹೆಂಗಸರ ಮೂಗನ್ನು ಡಬ್ಬಕ್ಕೆ ಹಿಡಿದಿದ್ದರು. ಅದಕ್ಕೆ ಒಂದು ಜೀವ ಹೋಗಿತ್ತು. ಇನ್ನೊಂದು ಹಾಸಿಗೆ ಹಿಡಿದಿತ್ತು.

ಗುಡಿಸುವ ಹೆಂಗಸು ಮೊದಲು ಪೊರಕೆ ಕೆಳಗಿಟ್ಟಳು. ಆಮೇಲೆ ಒಬ್ಬೊಬ್ಬರಾಗಿ ಬ್ರಷ್ಷುಗಳು ಕೆಳಗಿಳಿದವು. ಯಾರೋ ಡಬ್ಬಗಳಿಗೆ ಮುಚ್ಚಳ ಹಾಕಿದರು. ದೊಡ್ಡಮ್ಮ ಕತ್ತರಿಸುವವರ ಮೇಜಿನಿಂದ ಸುತ್ತಿಗೆ ತಂದು ಕಿಟಕಿಯ ಚಿಲಕಕ್ಕೆ ಹೊಡೆದರು. ತುಕ್ಕು ಉದುರಿತು, ಬಾಗಿಲು ನರಳಿಕೊಂಡು ತೆರೆಯಿತು. ಗಾಳಿಗೆ ಮತ್ತೆ ಮುಚ್ಚಿಕೊಳ್ಳತೊಡಗಿತು. ಆಗ ಅವರು ಆ ಎತ್ತರದ ಸ್ಟೂಲನ್ನು ಎಳೆದು ತಂದು ಕಿಟಕಿಯ ಬಾಗಿಲಿಗೆ ಅಡ್ಡ ಇಟ್ಟರು.

ಮಾಲೀಕರು ಅವತ್ತೇ ಬದಲಾಗಿಬಿಟ್ಟರು ಎಂದರೆ ಸುಳ್ಳಾಗುತ್ತದೆ. ಹೆಂಗಸರೆಲ್ಲ ಸೇರಿ ಕಾರ್ಮಿಕ ಇಲಾಖೆಗೆ ದೂರು ಕೊಟ್ಟ ಮೇಲೆ, ಅಧಿಕಾರಿಗಳು ಬಂದು ನೋಡಿ ಹೋದ ಮೇಲೆ, ಗೊಣಗುತ್ತಲೇ ಬೆಂಜೀನ್ ಇಲ್ಲದ ಅಂಟು ತರಿಸಿದರು. ಗಾಳಿ ಹೊರಗೆ ಎಳೆಯುವ ಫ್ಯಾನು ಹಾಕಿಸಿದರು. ರಕ್ತ ಪರೀಕ್ಷೆ ಈಗ ಗೇಟಿನ ಒಳಗೇ ನಡೆಯುತ್ತದೆ. ಪುಟ್ಟಿ ಕತ್ತರಿಸುವ ಮೇಜಿಗೆ ಸೇರಿದಳು, ದೊಡ್ಡಮ್ಮನ ಹಳೆಯ ಜಾಗಕ್ಕೆ. ಗುಬ್ಬಿಯ ರಕ್ತವನ್ನೂ ನೋಡಿದರು, ಚೆನ್ನಾಗಿದೆ. ಮನೆಯಲ್ಲಿದ್ದ ಡಬ್ಬಗಳೆಲ್ಲ ಹೊರಗೆ ಹೋದವು. ಅಕ್ಕನಿಗೆ ದೊಡ್ಡಾಸ್ಪತ್ರೆಯಲ್ಲಿ ಚಿಕಿತ್ಸೆ ನಡೆಯುತ್ತಿದೆ. ದಾರಿ ದೂರವಿದೆ, ಡಾಕ್ಟರುಗಳು ಮಾತು ಕೊಡುವುದಿಲ್ಲ, ಕೈಯನ್ನೂ ಬಿಡುವುದಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದಾಗಲೆಲ್ಲ ಅವಳು ಮಾಡುವ ಮೊದಲ ಕೆಲಸ, ಗುಬ್ಬಿಯನ್ನು ಮಡಿಲಲ್ಲಿ ಕೂರಿಸಿಕೊಂಡು ತಲೆ ಬಾಚುವುದು. ಸಿಕ್ಕು ಬಿಡಿಸುವಾಗ ಗುಬ್ಬಿ ಅರಚುತ್ತಾಳೆ, ಬೀದಿಗೆಲ್ಲ ಕೇಳಿಸುತ್ತದೆ. ಕೇಳಿಸಲಿ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕೆಲಸದ ಜಾಗದಲ್ಲೂ ಇಂಥದ್ದೊಂದು ಸ್ಟೂಲು ಇರಬಹುದು. ಅಂಟು, ಬಣ್ಣ, ತಿನ್ನರ್, ಪಾಲಿಷ್, ಯಾವುದರ ಪಕ್ಕದಲ್ಲಾದರೂ ಇರಬಹುದು. ಡಬ್ಬದಲ್ಲಿ ಏನಿದೆ ಎಂದು ಕೇಳಿ, ಕೇಳುವುದು ನಿಮ್ಮ ಹಕ್ಕು. ಓದಲು ಬಾರದಿದ್ದರೆ ಓದುವವರನ್ನು ಕರೆತನ್ನಿ. ಮೂಸಿ ಹದ ನೋಡಬೇಡಿ, ಕೈಗೆ ಮೆತ್ತಿದ್ದನ್ನು ತಿನ್ನರ್‌ನಿಂದ ತೊಳೆಯಬೇಡಿ, ಸೋಪು ಬಳಸಿ. ಹಾಲನ್ನೂ ಒದ್ದೆ ಬಟ್ಟೆಯನ್ನೂ ನಂಬಿ ಕೂರಬೇಡಿ, ರಾಸಾಯನಿಕಕ್ಕೆಂದೇ ಮಾಡಿದ ಮಾಸ್ಕನ್ನೂ ಗ್ಲೌಸನ್ನೂ ಕೇಳಿ ಪಡೆಯಿರಿ. ಖಾಲಿ ಡಬ್ಬ ಮನೆಗೆ ತರಬೇಡಿ. ಸುಸ್ತು ಹೋಗದಿದ್ದರೆ, ತಾಗದೆಯೂ ಮೈ ನೀಲಿಗಟ್ಟಿದರೆ, ವಸಡಿನಲ್ಲಿ ರಕ್ತ ಬಂದರೆ ಹಣೆಬರಹ ಎನ್ನಬೇಡಿ, ರಕ್ತ ಪರೀಕ್ಷೆ ಮಾಡಿಸಿ. ಬೀಡಿ ಸಿಗರೇಟು ಬಿಡಿ. ಸುಡುಬಿಸಿಲಿನ ಕೆಲಸಕ್ಕೆ ತಲೆ, ತೋಳು ಮುಚ್ಚಿಕೊಂಡು ಹೋಗಿ. ಡಾಕ್ಟರು ಹೇಳಿದ ಎಕ್ಸ್-ರೇಗೆ ಹೆದರಬೇಡಿ, ಹೇಳದೆ ತೆಗೆಸಬೇಡಿ, ಗರ್ಭಿಣಿಯಾಗಿದ್ದರೆ ಮೊದಲೇ ತಿಳಿಸಿ.

ಮತ್ತೆ ಒಂದು ಮಾತು, ಇದು ಬೀದಿಯ ನಾಲಿಗೆಗೆ. ಯಾರ ಮನೆಯಲ್ಲಾದರೂ ಕಾಯಿಲೆ ಬಂದರೆ ಅವರ ವಂಶ ಎಂಥದ್ದು ಎಂದು ಕೇಳುವ ಮುಂಚೆ, ಅವರು ಏನು ಉಸಿರಾಡಿದರು ಎಂದು ಕೇಳಿ. ಯಾರು ಉಸಿರಾಡಿಸಿದರು ಎಂದು ಕೇಳಿ. ಆಮೇಲೆ ಸುಮ್ಮನೆ ಕೂರಬೇಡಿ. ಹತ್ತಿರದಲ್ಲಿ ಒಂದು ಕಿಟಕಿ ಇರುತ್ತದೆ, ಎದ್ದು ಹೋಗಿ ತೆರೆಯಿರಿ.